ಗಂಟೆ ಬಡಿದ ಮೇಲೆ ಅರ್ಧ ನಿಮಿಷ: ಹಳೆಯ ಕಾಲದ ಫೈರ್‌ಮನ್ ಬಗ್ಗೆ ನಿಮ್ಮ ಪ್ರಶ್ನೆಗಳು

ಏಪ್ರಿಲ್ 14ರಿಂದ ನಡೆಯುವ ಅಗ್ನಿಶಾಮಕ ಸೇವಾ ಸಪ್ತಾಹದ ಸಂದರ್ಭದಲ್ಲಿ ನ್ಯೂಯಾರ್ಕ್ ನಗರದ ಹಳೆಯ ಅಗ್ನಿಶಾಮಕ ದಳದ ಬಗ್ಗೆ ಒಂದು ಟಿಪ್ಪಣಿ ಪ್ರಕಟಿಸಿದ್ದೆವು. ಅಲ್ಲಿ 1865ರಲ್ಲಿ ಸ್ವಯಂಸೇವಕರ ಪಡೆ ಹೋಗಿ ಸಂಬಳದ ದಳ ಬಂತು; 1922ರ ಡಿಸೆಂಬರ್ 20ರಂದು ಬ್ರೂಕ್ಲಿನ್‌ನ 205ನೇ ಎಂಜಿನ್ ಕಂಪನಿಯ (ಎಂಜಿನ್ ಎಂದರೆ ಕುದುರೆ ಎಳೆಯುವ ಉಗಿ ಪಂಪು, ಕಂಪನಿ ಎಂದರೆ ಅದರ ತುಕಡಿ) ಕುದುರೆಗಳು ಕೊನೆಯ ಸಲ ಓಡಿದವು. ಈ ನಡುವಿನ ಐವತ್ತೇಳು ವರ್ಷಗಳ ಫೈರ್‌ಮನ್ ಬದುಕಿನ ಬಗ್ಗೆ ಬಂದ ಪತ್ರಗಳಲ್ಲಿ ಕೆಲವನ್ನು ಆರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ರಾತ್ರಿ ಗಾಢ ನಿದ್ದೆಯಲ್ಲಿದ್ದವರು ಅರ್ಧ ನಿಮಿಷದೊಳಗೆ ಕುದುರೆ ಕಟ್ಟಿ ಬೀದಿಗೆ ಬರುತ್ತಿದ್ದರು ಎಂದು ಬರೆದಿದ್ದೀರಿ. ಎತ್ತಿನ ಗಾಡಿ ಕಟ್ಟಿದವನು ನಾನು. ಇದು ನಂಬುವ ಮಾತೇ? (ಓದುಗರು, ತುಮಕೂರು)

ನಂಬಬಹುದು. ಏಕೆಂದರೆ ಅಲ್ಲಿ ಗಂಟೆ ಬಡಿದ ಮೇಲೆ ಮಾಡಬೇಕಾದ ಕೆಲಸವನ್ನು ಆದಷ್ಟೂ ಮೊದಲೇ ಮಾಡಿ ಇಟ್ಟಿರುತ್ತಿದ್ದರು.

ಬೀದಿ ಮೂಲೆಯ ಕಂಬದಲ್ಲಿ ಒಂದು ಕಬ್ಬಿಣದ ಪೆಟ್ಟಿಗೆ. ಬೆಂಕಿ ಕಂಡವರು ಅದರ ಕೊಕ್ಕೆ ಎಳೆದರೆ ಒಳಗಿನ ಸ್ಪ್ರಿಂಗು ಒಂದು ಹಲ್ಲಿನ ಚಕ್ರವನ್ನು ತಿರುಗಿಸುತ್ತದೆ. ಒಂದೊಂದು ಹಲ್ಲಿಗೂ ತಂತಿಯ ವಿದ್ಯುತ್ ಒಮ್ಮೆ ಕಡಿದು ಮತ್ತೆ ಕೂಡುತ್ತದೆ. ಪೆಟ್ಟಿಗೆಯ ಸಂಖ್ಯೆ 243 ಎಂದುಕೊಳ್ಳಿ: ಎರಡು ಬಡಿತ, ಬಿಡುವು, ನಾಲ್ಕು ಬಡಿತ, ಬಿಡುವು, ಮೂರು ಬಡಿತ. ಈ ಸಂಕೇತ ಕೇಂದ್ರ ಕಚೇರಿಗೆ ಹೋಗಿ, ಅಲ್ಲಿಂದ ಸ್ಟೇಷನ್ನುಗಳ ಗಂಟೆಗೆ ಬರುತ್ತಿತ್ತು. ಪ್ರತಿ ಸ್ಟೇಷನ್ನಿನಲ್ಲೂ ಹಗಲೂ ರಾತ್ರಿ ಒಬ್ಬ ಕಾವಲಿನವನು ಸರದಿಯ ಮೇಲೆ ಎಚ್ಚರವಿದ್ದು ಬಡಿತ ಎಣಿಸಬೇಕು. ಯಾವ ಪೆಟ್ಟಿಗೆಗೆ ಯಾವ ಕಂಪನಿ ಮೊದಲ ಕರೆಗೆ ಹೋಗಬೇಕು, ಯಾವುದು ಎರಡನೆಯ ಕರೆಗೆ ಹೋಗಬೇಕು ಎಂಬುದಕ್ಕೆ ಚೀಟಿಗಳಿದ್ದವು. ಹಳಬರಾದವರಿಗೆ ಆ ಚೀಟಿ ನೋಡುವ ಅಗತ್ಯವೇ ಬೀಳುತ್ತಿರಲಿಲ್ಲ. ಸುತ್ತಲಿನ ಪೆಟ್ಟಿಗೆಗಳೆಲ್ಲ ಬಾಯಿಪಾಠ.

ಮೊದಲ ಬಡಿತಕ್ಕೇ ಲಾಯದ ಬಾಗಿಲಿನ ಚಿಲಕ ಬಿಚ್ಚಿಕೊಳ್ಳುವಂತೆ ಒಂದು ತೂಕದ ಗುಂಡನ್ನು ವಿದ್ಯುತ್ ಕೊಂಡಿಗೆ ಜೋಡಿಸಿರುತ್ತಿದ್ದರು. ಪಳಗಿದ ಕುದುರೆ ಯಾರೂ ಹಿಡಿಯದೆಯೇ ಬಂದು ಎಂಜಿನ್ನಿನ ಮುಂದೆ ತನ್ನ ಜಾಗದಲ್ಲಿ ನಿಲ್ಲುತ್ತಿತ್ತು. ನಿಮ್ಮ ಗಾಡಿಯಲ್ಲಿ ನೊಗಕ್ಕೆ ಎತ್ತನ್ನು ತಂದು ಹೂಡಬೇಕು. ಇಲ್ಲಿ ಕುದುರೆಯ ಸಜ್ಜೆಲ್ಲ ಗಾಡಿಗೆ ಮೊದಲೇ ಸೇರಿಕೊಂಡು, ಕುದುರೆ ನಿಲ್ಲುವ ಜಾಗದ ನೆತ್ತಿಯ ಮೇಲೆ ಸೂರಿನಿಂದ ತೂಗುತ್ತಿತ್ತು. ಕತ್ತುಪಟ್ಟಿಗೆ ಮೇಲ್ಗಡೆ ಕೀಲು, ಕೆಳಗಡೆ ಒತ್ತಿದರೆ ಕೂಡುವ ಬೀಗ. ಸಜ್ಜನ್ನು ಬೆನ್ನ ಮೇಲೆ ಇಳಿಬಿಟ್ಟು, ಕತ್ತುಪಟ್ಟಿ ಒತ್ತಿ, ಲಗಾಮಿನ ಎರಡು ಕೊಂಡಿ ಸಿಕ್ಕಿಸಿದರೆ ಒಂದು ಕುದುರೆ ತಯಾರು. ಬಕಲ್ ಹಾಕಿ ಬಿಗಿಯುವ ಕೆಲಸವೇ ಇಲ್ಲ.

ಮಹಡಿಯ ಮೇಲೆ ಮಲಗಿದವರ ಮಂಚದ ಪಕ್ಕದಲ್ಲಿ ರಬ್ಬರ್ ಬೂಟುಗಳು. ಪ್ಯಾಂಟಿನ ಕಾಲುಗಳನ್ನು ಆ ಬೂಟಿನೊಳಗೆ ಮೊದಲೇ ಇಳಿಸಿ ಇಟ್ಟಿರುತ್ತಿದ್ದರು. ಎದ್ದವನು ಎರಡೂ ಕಾಲು ತೂರಿಸಿ ಮೇಲಕ್ಕೆಳೆದುಕೊಂಡರೆ ಉಡುಪು ಮುಗಿಯಿತು. ಕೆಳಗಿಳಿಯಲು ಜಾರುಕಂಬ. ಅದನ್ನು ಮೊದಲು ನಿಲ್ಲಿಸಿದ್ದು ಷಿಕಾಗೋದ 21ನೇ ಕಂಪನಿ, 1878ರಲ್ಲಿ, ಡೇವಿಡ್ ಕೆನ್ಯನ್ ಅದರ ಕ್ಯಾಪ್ಟನ್ ಆಗಿದ್ದಾಗ. ಆಗ ಅದು ಮರದ್ದು. ಹಿತ್ತಾಳೆಯ ಕಂಬ ಬಂದದ್ದು ಆಮೇಲೆ.

ಹಾಗೆಂದು ಎಡವಟ್ಟು ಆಗುತ್ತಿರಲಿಲ್ಲ ಎಂದಲ್ಲ. ಒಂದೇ ತಂತಿಯ ಮೇಲಿನ ಎರಡು ಪೆಟ್ಟಿಗೆಗಳನ್ನು ಒಟ್ಟಿಗೆ ಎಳೆದರೆ ಬಡಿತಗಳು ಕಲಸಿಹೋಗಿ ಇಲ್ಲದ ಸಂಖ್ಯೆಯೊಂದು ಬರುತ್ತಿತ್ತು. ಒಂದರದು ಮುಗಿದ ಮೇಲೆ ಇನ್ನೊಂದು ಶುರುವಾಗುವ ಪೆಟ್ಟಿಗೆಗಳು ಬಂದ ಮೇಲೆ ಈ ತೊಂದರೆ ತಪ್ಪಿತು. ಆರಂಭದ ಪೆಟ್ಟಿಗೆಗಳಿಗೆ ಬೀಗ ಬೇರೆ. ಕೀಲಿ ಪೊಲೀಸರ ಹತ್ತಿರ, ಪಕ್ಕದ ಅಂಗಡಿಯವರ ಹತ್ತಿರ. ಕೀಲಿ ಹುಡುಕುವಷ್ಟರಲ್ಲಿ ಬೆಂಕಿ ಒಂದು ಮಹಡಿ ಏರಿರುತ್ತಿತ್ತು.

ಪ್ರಶ್ನೆ: ಅವರಿಗೆ ಮನೆ ಮಠ ಇರಲಿಲ್ಲವೇ? ಪಾಳಿ ಹೇಗಿತ್ತು, ಸಂಬಳ ಎಷ್ಟು? (ನಿವೃತ್ತ ಸಾರಿಗೆ ನೌಕರರು, ಹುಬ್ಬಳ್ಳಿ)

ಮನೆ ಇತ್ತು, ಮನೆಯಲ್ಲಿ ಇರಲು ಬಿಡುವಿರಲಿಲ್ಲ. ಪಾಳಿ ಎಂಬುದೇ ಇರಲಿಲ್ಲ. ದಿನದ ಇಪ್ಪತ್ನಾಲ್ಕು ಗಂಟೆಯೂ ಡ್ಯೂಟಿ. ಊಟಕ್ಕೆಂದು ದಿನಕ್ಕೆ ಮೂರು ಸಲ ಹೊರಗೆ ಹೋಗಬಹುದು, ಸಲಕ್ಕೆ ಹೆಚ್ಚೆಂದರೆ ಒಂದು ಗಂಟೆ. ಅದಕ್ಕೇ ಬಹಳ ಜನ ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ದೂರದಲ್ಲೇ ಬಾಡಿಗೆಗೆ ಮನೆ ಹಿಡಿಯುತ್ತಿದ್ದರು. ಪೂರಾ ದಿನದ ರಜೆ ತಿಂಗಳಿಗೆ ಬೆರಳೆಣಿಕೆಯಷ್ಟು. ಮಕ್ಕಳು ಅಪ್ಪನನ್ನು ಹೆಚ್ಚಾಗಿ ನೋಡುತ್ತಿದ್ದದ್ದು ಊಟದ ಹೊತ್ತಿನಲ್ಲಿ.

1865ರಲ್ಲಿ ಒಂದು ಎಂಜಿನ್ ಕಂಪನಿಯಲ್ಲಿ 12 ಜನ: ಒಬ್ಬ ಫೋರ್‌ಮನ್, ಅವನಿಗೊಬ್ಬ ಸಹಾಯಕ, ಉಗಿ ಪಂಪಿನ ಎಂಜಿನಿಯರ್, ಒಲೆ ನೋಡುವ ಸ್ಟೋಕರ್, ಸಾರಥಿ, ಏಳು ಫೈರ್‌ಮನ್‌ಗಳು. ಫೈರ್‌ಮನ್ ಸಂಬಳ ವರ್ಷಕ್ಕೆ 700 ಡಾಲರ್. ಇಪ್ಪತ್ತು ವರ್ಷ ತುಂಬಿದವರಿಗೆ ಅರ್ಧ ಸಂಬಳದ ಪಿಂಚಣಿ ಆಮೇಲೆ ಬಂತು. ಇಪ್ಪತ್ತು ವರ್ಷ ತುಂಬುವುದೇ ಕಷ್ಟವಿತ್ತು, ಬಿದ್ದ ಗೋಡೆಗಿಂತ ಎದೆ ತುಂಬಿದ ಹೊಗೆ ಹೆಚ್ಚು ಜನರನ್ನು ಮೊದಲೇ ಮನೆಗೆ ಕಳಿಸುತ್ತಿತ್ತು ಎನ್ನುವುದು ನಮ್ಮ ಅಭಿಪ್ರಾಯ. ಅಮೆರಿಕದ ದೊಡ್ಡ ನಗರಗಳಲ್ಲಿ ಎರಡು ಪಾಳಿಯ ಪದ್ಧತಿ ನೆಲೆಯಾಗಲು 1920ರ ದಶಕ ಬರಬೇಕಾಯಿತು. ಕುದುರೆ ಹೋದದ್ದೂ ಹೆಚ್ಚುಕಡಿಮೆ ಅದೇ ಕಾಲಕ್ಕೆ.

ಪ್ರಶ್ನೆ: ಬಾಯ್ಲರ್ ನೀರು ಕಾಯಲು ಹೊತ್ತು ಬೇಕಲ್ಲ. ಬೆಂಕಿಯ ಜಾಗಕ್ಕೆ ಹೋಗಿ ಒಲೆ ಹಚ್ಚಿ ಕೂರುತ್ತಿದ್ದರೇ? (ಬಾಯ್ಲರ್ ಆಪರೇಟರ್, ಮಂಡ್ಯ)

ಸಕ್ಕರೆ ಕಾರ್ಖಾನೆಯ ಬಾಯ್ಲರ್ ಲೆಕ್ಕದಲ್ಲಿ ನಿಮ್ಮ ಅನುಮಾನ ಸರಿಯೇ. ಆದರೆ ಉಗಿ ಪಂಪಿನದು ನೆಟ್ಟಗೆ ನಿಂತ ಪುಟ್ಟ ಬಾಯ್ಲರ್, ಒಳಗೆ ನೂರಾರು ತೆಳು ಕೊಳವೆ, ನೀರು ತೀರಾ ಕಡಿಮೆ. ನೀರು ಕಡಿಮೆ, ಕಾಯುವ ಮೈ ಹೆಚ್ಚು. ಅದಕ್ಕೇ ಬೇಗ ಉಗಿ. ತಣ್ಣೀರಿನಿಂದ ಶುರುಮಾಡಿದರೂ ಸುಮಾರು ಎಂಟು ಹತ್ತು ನಿಮಿಷ ಸಾಕು.

ಅಷ್ಟು ಕೂಡ ಕಾಯಬಾರದೆಂದು ಸ್ಟೇಷನ್ನಿನ ನೆಲಮಾಳಿಗೆಯಲ್ಲಿ ಇನ್ನೊಂದು ಸಣ್ಣ ಒಲೆ ಸದಾ ಉರಿಯುತ್ತಿತ್ತು. ಅಲ್ಲಿಂದ ಎರಡು ಕೊಳವೆ ನೆಲ ತೂರಿ ಬಂದು ಎಂಜಿನ್ನಿಗೆ ಸೇರುತ್ತಿದ್ದವು. ಬಿಸಿನೀರು ಒಂದರಲ್ಲಿ ಏರಿ, ತಣಿದದ್ದು ಇನ್ನೊಂದರಲ್ಲಿ ಇಳಿದು, ಬಾಯ್ಲರ್ ನೀರು ಕುದಿಯ ಹತ್ತಿರವೇ ಇರುತ್ತಿತ್ತು. ಎಂಜಿನ್ ಮುಂದಕ್ಕೆ ಸರಿದ ಕೂಡಲೇ ಕೊಳವೆಗಳು ತಾವೇ ಕಳಚಿಕೊಂಡು ಎರಡೂ ಕಡೆಯ ವಾಲ್ವ್ ಮುಚ್ಚಿಕೊಳ್ಳುತ್ತಿದ್ದವು. ಒಲೆಯೊಳಗೆ ಕೆಳಗೆ ಮರದ ಸಿಬಿರು ಮತ್ತು ಸೀಮೆಎಣ್ಣೆಯ ಬಟ್ಟೆ, ಅದರ ಮೇಲೆ ಒಣ ಪೈನ್ ಸೀಳು, ಆಮೇಲೆ ಬೇಗ ಹೊತ್ತುವ ಮೆದು ಕಲ್ಲಿದ್ದಲು. ಬಾಗಿಲು ದಾಟುವಾಗ ಸ್ಟೋಕರ್ ಹಿಂದಿನ ಮೆಟ್ಟಿಲ ಮೇಲೆ ನಿಂತು ಪಂಜು ಹಚ್ಚುತ್ತಿದ್ದ. ಓಟದ ಗಾಳಿಗೆ ಒಲೆ ಹತ್ತಿಕೊಂಡು ಮೂರ್ನಾಲ್ಕು ನಿಮಿಷದಲ್ಲಿ ಉಗಿ ತಯಾರು.

ಎಂಜಿನಿಯರನ ತಲೆನೋವುಗಳು ನಿಮಗೆ ಪರಿಚಿತವೇ. ನೀರು ಕಡಿಮೆ ಎಂದರೆ ಅಂಚು ಸಣ್ಣದು: ಗಾಜಿನ ಕೊಳವೆಯ ಮೇಲಿಂದ ಕಣ್ಣು ತೆಗೆದರೆ ಮಟ್ಟ ಇಳಿದು, ಕೊಳವೆಗಳ ತುದಿ ಕಾದು ಸೋರುತ್ತವೆ. ಬಂದರಿನಲ್ಲಿ ಉಪ್ಪುನೀರು ಬಾಯ್ಲರಿಗೆ ಹೋದರೆ ನೊರೆ ಎದ್ದು, ಉಗಿಯ ಜೊತೆ ನೀರೂ ಸಿಲಿಂಡರಿಗೆ ನುಗ್ಗುತ್ತದೆ. ನೀರು ಅದುಮಲು ಬಗ್ಗುವುದಿಲ್ಲ, ಸಿಲಿಂಡರ್ ಮುಚ್ಚಳವೇ ಒಡೆಯುತ್ತದೆ. ಬೀದಿ ನಲ್ಲಿಯಿಂದ ಜಲ್ಲಿ ಬಂದು ಪಂಪಿನ ವಾಲ್ವಿನಡಿ ಸಿಕ್ಕಿಕೊಂಡರೆ ಒತ್ತಡ ಬಿದ್ದುಹೋಗುತ್ತದೆ. ಜೊತೆಗೆ ಗಂಟೆಗೆ ನೂರಾರು ಪೌಂಡು ಕಲ್ಲಿದ್ದಲು ಬೇಕು, ಒಯ್ದದ್ದು ಬೇಗ ಖಾಲಿ. ಆಗ ಸೀಟಿ ಊದಿ ಕಲ್ಲಿದ್ದಲಿನ ಗಾಡಿ ಕರೆಯುತ್ತಿದ್ದರು. 1908ರಲ್ಲಿ ಮ್ಯಾನ್‌ಹ್ಯಾಟನ್‌ನ ವ್ಯಾಪಾರಿ ಭಾಗಕ್ಕೆ ವಿದ್ಯುತ್ ಪಂಪುಗಳಿಂದ ಅಧಿಕ ಒತ್ತಡದ ನೀರಿನ ಕೊಳವೆಗಳು ಬಂದ ಮೇಲೆ, ಆ ಬೀದಿಗಳಲ್ಲಿ ಈ ಪಾಡು ತಪ್ಪಿತು.

ಪ್ರಶ್ನೆ: ಕುದುರೆಗಳಿಗೇ ಕಾಯಿಲೆ ಬಂದರೆ? (ಪಶುವೈದ್ಯ ವಿದ್ಯಾರ್ಥಿನಿ, ಶಿವಮೊಗ್ಗ)

ಬಂದಿತ್ತು. 1872ರಲ್ಲಿ ಕೆನಡಾದಿಂದ ಶುರುವಾದ ಕುದುರೆ ಶೀತಜ್ವರ ಅಮೆರಿಕದ ಪೂರ್ವ ಭಾಗವನ್ನೆಲ್ಲ ಮಲಗಿಸಿತು. ನವೆಂಬರ್ 9ರ ಸಂಜೆ ಬಾಸ್ಟನ್‌ನಲ್ಲಿ ಬೆಂಕಿ ಬಿದ್ದಾಗ ಕುದುರೆಗಳ ಬದಲು ಮನುಷ್ಯರೇ ಹಗ್ಗ ಹಿಡಿದು ಎಂಜಿನ್ ಎಳೆದರು. 65 ಎಕರೆ, 776 ಕಟ್ಟಡ ಸುಟ್ಟವು. ಕುದುರೆ ಇಲ್ಲದ್ದೇ ಇದಕ್ಕೆ ಕಾರಣ ಎಂದು ಜನ ಈಗಲೂ ಬರೆಯುತ್ತಾರೆ, ಅದು ಪೂರ್ತಿ ಸರಿಯಲ್ಲ. ಆಮೇಲಿನ ವಿಚಾರಣೆಯಲ್ಲಿ ತಡವಾದದ್ದು ಕೆಲವೇ ನಿಮಿಷ ಎಂದು ಕಂಡುಬಂತು. ವ್ಯಾಪಾರದ ಬೀದಿಗೆ ಸಾಲದ ಸಣ್ಣ ನೀರಿನ ಕೊಳವೆ, ಎತ್ತರದ ಕಟ್ಟಡಗಳ ನೆತ್ತಿಯ ಮರದ ಚಾವಣಿ, ಬೀಗ ಹಾಕಿದ ಕರೆಪೆಟ್ಟಿಗೆ, ಬೇರೆ ಊರಿನವರ ಹೋಸ್‌ಗೆ ಕೂಡದ ನಲ್ಲಿಯ ತಿರುಪು, ಇವೆಲ್ಲ ಸೇರಿ ಆ ಅನಾಹುತ.

ದಿನದ ಆರೈಕೆ ಸಾರಥಿಯದು. ಓಡಿ ಬಂದ ಕುದುರೆಯನ್ನು ನಿಧಾನವಾಗಿ ನಡೆಸಿ ಮೈ ತಣಿಸುವುದು, ಬೆವರು ಒರೆಸಿ ಕಂಬಳಿ ಹೊದಿಸುವುದು, ಆಮೇಲೆಯೇ ಹೊಟ್ಟೆತುಂಬ ನೀರು, ಮೇವು. ಬೆಂಕಿಯ ಜಾಗದಲ್ಲಿ ಎಂಜಿನ್ ನಿಂತ ತಕ್ಷಣ ಕುದುರೆ ಬಿಚ್ಚಿ ಕಿಡಿ ಹಾರದಷ್ಟು ದೂರ ಒಯ್ಯುತ್ತಿದ್ದರು. ಕಲ್ಲುಹಾಸಿನ ರಸ್ತೆಯಲ್ಲಿ ನಾಲ್ಕು ಟನ್ ಎಳೆದು ಓಡಿ ಮೊದಲು ಸೋಲುವುದು ಗೊರಸು ಮತ್ತು ಕಾಲಿನ ಕೀಲು. ಅಂಥವನ್ನು ಹಗುರ ಕೆಲಸಕ್ಕೆ ಹಾಕುತ್ತಿದ್ದರು, ಇಲ್ಲವೆ ಹರಾಜು ಹಾಕುತ್ತಿದ್ದರು.

ಪ್ರಶ್ನೆ: ನೀರಿನ ನಾಜಲ್ ಹಿಡಿಯಲು ಮೂರ್ನಾಲ್ಕು ಜನ ಏಕೆ? ಲೆಕ್ಕದಲ್ಲಿ ತಿಳಿಸಿ. (ಎಂಜಿನಿಯರಿಂಗ್ ವಿದ್ಯಾರ್ಥಿ, ಬೆಂಗಳೂರು)

ಎರಡೂವರೆ ಅಂಗುಲದ ಹೋಸ್, ತುದಿಯಲ್ಲಿ 1⅛ ಅಂಗುಲದ ರಂಧ್ರ, ಅಲ್ಲಿ 50 ಪಿಎಸ್‌ಐ (ಚದರ ಅಂಗುಲಕ್ಕೆ 50 ಪೌಂಡು) ಒತ್ತಡ ಎಂದುಕೊಳ್ಳಿ. ನಿಮಿಷಕ್ಕೆ ಸುಮಾರು 1,000 ಲೀಟರ್ ನೀರು ಚಿಮ್ಮುತ್ತದೆ. ಹಿಡಿದವರನ್ನು ಅದು ಸುಮಾರು 45 ಕಿಲೋ ಬಲದಿಂದ ಹಿಂದಕ್ಕೆ ತಳ್ಳುತ್ತದೆ. ನಿಂತಿರುವುದು ಒದ್ದೆ ಮೆಟ್ಟಿಲ ಮೇಲೆ, ಕಣ್ಣಿಗೆ ಏನೂ ಕಾಣದು. ಒಬ್ಬನ ಕೈ ಜಾರಿದರೆ ಹಿತ್ತಾಳೆಯ ನಾಜಲ್ ಹಾವಿನಂತೆ ಹೊಡೆದಾಡಿ ಮೂಳೆ ಮುರಿಯುತ್ತದೆ.

ಹೋಸ್ ಒಳಗಿನ ಉಜ್ಜಾಟಕ್ಕೆ ಇಷ್ಟು ನೀರಿಗೆ ಪ್ರತಿ 100 ಅಡಿಗೆ ಸುಮಾರು 15 ಪಿಎಸ್‌ಐ ನಷ್ಟ, ಏರಿದ ಪ್ರತಿ ಮಹಡಿಗೆ ಮತ್ತೆ 5. ಹಾಗಾಗಿ 300 ಅಡಿ ಹೋಸ್ ಹಾಕಿ ನಾಲ್ಕು ಮಹಡಿ ಮೇಲಕ್ಕೆ ಒಯ್ದರೆ ಎಂಜಿನ್ನಿನಲ್ಲಿ 50+45+20, ಅಂದರೆ 115 ಪಿಎಸ್‌ಐ ಬೇಕು. ನಾಜಲ್ಲನ್ನು ತಟಕ್ಕನೆ ಮುಚ್ಚಬಾರದು. ಓಡುತ್ತಿದ್ದ ನೀರು ನಿಂತ ಹೊಡೆತಕ್ಕೆ ಹೋಸ್ ಸಿಡಿಯುತ್ತದೆ. ಚಳಿಗಾಲದಲ್ಲಂತೂ ಮುಚ್ಚಲೇಬಾರದು, ನಿಂತ ನೀರು ಹೋಸ್ ಒಳಗೇ ಹೆಪ್ಪುಗಟ್ಟುತ್ತದೆ. 1912ರ ಜನವರಿ 9ರಂದು ನ್ಯೂಯಾರ್ಕಿನ ಎಕ್ವಿಟಬಲ್ ಕಟ್ಟಡ ಸುಟ್ಟಾಗ ಚಿಮ್ಮಿದ ನೀರೆಲ್ಲ ಗೋಡೆಯ ಮೇಲೆ, ಏಣಿಯ ಮೇಲೆ, ಜನರ ಕೋಟಿನ ಮೇಲೆ ಮಂಜುಗಡ್ಡೆಯಾಗಿ ಕಟ್ಟಿಕೊಂಡಿತ್ತು. ದಳದ ಬೆಟಾಲಿಯನ್ ಮುಖ್ಯಸ್ಥ ವಿಲಿಯಂ ವಾಲ್ಷ್ ಅಲ್ಲೇ ಪ್ರಾಣ ಬಿಟ್ಟರು.

ಪ್ರಶ್ನೆ: ಮುಖವಾಡವಿಲ್ಲದೆ ಹೊಗೆಯಲ್ಲಿ ಹೇಗೆ ಉಸಿರಾಡುತ್ತಿದ್ದರು? (ಶಿಕ್ಷಕಿ, ಮೈಸೂರು)

ನೆಲಕ್ಕೆ ಮೂಗು ತಾಗಿಸಿಕೊಂಡು ತೆವಳುತ್ತಿದ್ದರು. ಬಿಸಿ ಹೊಗೆ ಮೇಲೇರುತ್ತದೆ, ನೆಲದ ಹತ್ತಿರ ಗೇಣುದ್ದದ ಗಾಳಿ ಉಳಿದಿರುತ್ತದೆ. ನೀರಿನ ಧಾರೆ ತನ್ನ ಸುತ್ತ ಸ್ವಲ್ಪ ಗಾಳಿಯನ್ನು ಎಳೆದು ತರುವುದರಿಂದ ನಾಜಲ್ಲಿನ ಪಕ್ಕದಲ್ಲೇ ಬಾಯಿ ಇಡುತ್ತಿದ್ದರು. ಕೆಲವು ನಿಮಿಷಕ್ಕೊಮ್ಮೆ ಮುಂದಿನವನು ಹಿಂದೆ ಸರಿದು ಕಿಟಕಿಗೆ ಬಂದು ವಾಂತಿ ಮಾಡಿ, ಉಸಿರು ತೆಗೆದುಕೊಂಡು ಮತ್ತೆ ಒಳಹೋಗಬೇಕು. ಒದ್ದೆ ಬಟ್ಟೆ ಕಟ್ಟಿಕೊಂಡರೆ ಮಸಿ ತಡೆಯುತ್ತದೆ, ಕಾರ್ಬನ್ ಮಾನಾಕ್ಸೈಡ್ ತಡೆಯುವುದಿಲ್ಲ. ಅದಕ್ಕೆ ವಾಸನೆಯೂ ಇಲ್ಲ. ಗಾಳಿಯಲ್ಲಿ ನೂರಕ್ಕೆ ಒಂದು ಪಾಲಿಗಿಂತ ತುಸು ಹೆಚ್ಚಾದರೂ ಕೆಲವೇ ನಿಮಿಷದಲ್ಲಿ ಸಾವು.

ಆದ್ದರಿಂದ ಒಳಗೆ ತೆವಳುವವರ ಜೀವ ಚಾವಣಿ ಹತ್ತಿದವರ ಕೈಯಲ್ಲಿತ್ತು. ಏಣಿ ಕಂಪನಿಯವರು ಪಕ್ಕದ ಕಟ್ಟಡದಿಂದ ದಾಟಿ, ಮೆಟ್ಟಿಲ ನೆತ್ತಿಯ ಮುಚ್ಚಳ ಕಿತ್ತು, ಬೇಕಾದರೆ ಕೊಡಲಿಯಿಂದ ಚಾವಣಿ ಕಡಿದು ಹೊಗೆಗೆ ದಾರಿ ಮಾಡಬೇಕು. ಮೇಲೆ ದಾರಿಯಾಗುವ ಮೊದಲೇ ಕೆಳಗಿನ ಬಾಗಿಲು ಒಡೆದರೆ ಅಪಾಯ. ಕಿಟಕಿ ಗಾಜು ಕಂದು ಕಪ್ಪಾಗಿ ಮುಟ್ಟಿದರೆ ಬಿಸಿ, ಸಂದಿಯಲ್ಲಿ ಹೊಗೆ ಉಸಿರಾಡಿದಂತೆ ಒಳಗೂ ಹೊರಗೂ ಆಡುತ್ತಿದ್ದರೆ ಒಳಗಿನ ಬೆಂಕಿ ಗಾಳಿಗೆ ಹಸಿದಿದೆ ಎಂದೇ ಅರ್ಥ. ಬಾಗಿಲು ತೆರೆದ ಕ್ಷಣ ಕೋಣೆಯೇ ಸಿಡಿಯುತ್ತದೆ. ಹೊಸಬರಿಗೆ ಇದನ್ನು ತೋರಿಸಿಕೊಡುವವರು ಹದಿನೈದಿಪ್ಪತ್ತು ವರ್ಷ ಕಳೆದ ಹಳಬರೇ. 1915ರಲ್ಲಿ ಮೊದಲ ರಕ್ಷಣಾ ಕಂಪನಿ ಕಟ್ಟಿ ಅದಕ್ಕೆ ಆಮ್ಲಜನಕದ ಶಿರಸ್ತ್ರಾಣ ಕೊಟ್ಟರು. ಉಳಿದ ಕಂಪನಿಗಳವರು ಮುಂದೆಯೂ ಬಹುಕಾಲ ಬರಿ ಮೂಗಿನಲ್ಲೇ ದುಡಿದರು.

ಪ್ರಶ್ನೆ: 1911ರ ಟ್ರಯಾಂಗಲ್ ಬಟ್ಟೆ ಕಾರ್ಖಾನೆಯ ಬೆಂಕಿಯಲ್ಲಿ ದಳ ಬೇಗ ಬಂದರೂ 146 ಜನ ಸತ್ತದ್ದೇಕೆ? (ಗಾರ್ಮೆಂಟ್ಸ್ ನೌಕರರು, ಬೆಂಗಳೂರು)

ಬೆಂಕಿ ಇದ್ದದ್ದು 8, 9 ಮತ್ತು 10ನೇ ಮಹಡಿಯಲ್ಲಿ. ಏಣಿ ಮುಟ್ಟಿದ್ದು ಆರನೆಯದನ್ನು. ಕೆಳಗೆ ಹಿಡಿದ ಬಲೆಗಳು ಕೆಲಸಕ್ಕೆ ಬರಲಿಲ್ಲ: 30 ಮೀಟರಿನಿಂದ ಬಿದ್ದ ದೇಹ ಗಂಟೆಗೆ 85 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಬರುತ್ತದೆ, ಹುಡುಗಿಯರು ಕೈ ಕೈ ಹಿಡಿದು ಒಟ್ಟಿಗೆ ಹಾರಿದ್ದರು. ಬಲೆ ಹರಿಯಿತು. ಒಂಬತ್ತನೇ ಮಹಡಿಯ ಒಂದು ಬಾಗಿಲಿಗೆ ಬೀಗ; ಹೊರಗಿನ ಕಬ್ಬಿಣದ ಮೆಟ್ಟಿಲು ಭಾರಕ್ಕೆ ಕುಸಿಯಿತು. ಎಂಜಿನ್ ಎಷ್ಟು ಬೇಗ ಬಂದರೂ ಕಟ್ಟಡದ ಒಳಗಿನ ತಪ್ಪನ್ನು ಹೊರಗಿನಿಂದ ತಿದ್ದಲಾಗದು. ನೀವು ಕೆಲಸ ಮಾಡುವ ಕಡೆ ಎರಡನೆಯ ಬಾಗಿಲು ಪಾಳಿಯ ಹೊತ್ತಿನಲ್ಲಿ ಒಳಗಿನಿಂದ ಕೀಲಿಯಿಲ್ಲದೆ ತೆರೆಯುತ್ತದೆಯೇ ಎಂದು ನಾಳೆಯೇ ನೋಡಿ. ತೆರೆಯದಿದ್ದರೆ ಬರವಣಿಗೆಯಲ್ಲಿ ದೂರು ಕೊಡಿ.

ಪ್ರಶ್ನೆ: ಹತ್ತಿ ಅಂಡಿಗೆಗೆ ಬೆಂಕಿ ಬಿದ್ದರೆ ಎಷ್ಟು ನೀರು ಸುರಿದರೂ ಆರುವುದಿಲ್ಲ. ಆಗಿನವರು ಏನು ಮಾಡುತ್ತಿದ್ದರು? (ಜಿನ್ನಿಂಗ್ ಮಿಲ್ಲಿನವರು, ರಾಯಚೂರು)

ಒತ್ತಿ ಕಟ್ಟಿದ ಅಂಡಿಗೆಯೊಳಗೆ ನೀರು ಇಳಿಯುವುದಿಲ್ಲ, ಆದರೆ ಎಳೆಗಳ ನಡುವಿನ ಗಾಳಿಯನ್ನು ತಿಂದುಕೊಂಡು ಕಿಡಿ ಒಳಗೇ ಬಿಲ ಕೊರೆಯುತ್ತದೆ. ಮೇಲೆ ಆರಿದಂತೆ ಕಂಡರೂ ದಿನಗಳ ನಂತರ ಮತ್ತೆ ಹೊತ್ತೀತು. ಆಗಲೂ ಈಗಲೂ ದಾರಿ ಒಂದೇ: ಅಂಡಿಗೆಯನ್ನು ಬಯಲಿಗೆ ತಂದು, ಪಟ್ಟಿ ಕಡಿದು, ಬಿಡಿಸಿ, ಪದರ ಪದರವಾಗಿ ನೆನೆಸಬೇಕು. ಪಟ್ಟಿ ಕಡಿಯುವಾಗ ನೀರಿನ ಪೈಪು ಕೈಯಲ್ಲೇ ಇರಲಿ, ಬಿಚ್ಚಿದ ಕೂಡಲೇ ಭುಗಿಲೆನ್ನಬಹುದು.

ಇನ್ನೊಂದು ಅಪಾಯ ಗೋಡೆಯದು. ನೆನೆದ ಹತ್ತಿ ಉಬ್ಬಿ ಗೋಡೆಯನ್ನು ಹೊರಕ್ಕೆ ತಳ್ಳುತ್ತದೆ. ಒಂದು ನಾಜಲ್ ನಿಮಿಷಕ್ಕೆ ಒಂದು ಟನ್ ನೀರು ಸುರಿಯುತ್ತದೆ, ಅದನ್ನು ಹತ್ತಿ ಹೀರಿಕೊಂಡರೆ ಆ ಭಾರವೆಲ್ಲ ಮಹಡಿಯ ಮೇಲೆ. ಹಳೆಯ ಗೋದಾಮುಗಳು ಹೀಗೆ ಫೈರ್‌ಮನ್‌ಗಳ ಮೇಲೆ ಕುಸಿದಿವೆ. ನಿಮ್ಮಲ್ಲಿ ಅಂಡಿಗೆ ಸಾಲಿಗೂ ಗೋಡೆಗೂ ಕಡೇಪಕ್ಷ ಎರಡು ಅಡಿ ಬಿಡಿ.

ನಮ್ಮ ಸಪ್ತಾಹದ ಹಿಂದೆಯೂ ಹತ್ತಿ ಅಂಡಿಗೆಗಳೇ ಇವೆ. 1944ರ ಏಪ್ರಿಲ್ 14ರಂದು ಮುಂಬಯಿಯ ವಿಕ್ಟೋರಿಯಾ ಡಾಕ್‌ನಲ್ಲಿದ್ದ ಫೋರ್ಟ್ ಸ್ಟಿಕೀನ್ ಹಡಗಿನಲ್ಲಿ ಹತ್ತಿಯೂ ಸ್ಫೋಟಕಗಳೂ ಒಟ್ಟಿಗಿದ್ದವು. ಮಧ್ಯಾಹ್ನ ಹತ್ತಿಯಲ್ಲಿ ಹೊಗೆ ಕಂಡಿತು. 900 ಟನ್ನಿಗೂ ಹೆಚ್ಚು ನೀರು ಸುರಿದರೂ ಬೆಂಕಿಯ ಬೇರು ಸಿಗಲಿಲ್ಲ. ನಾಲ್ಕು ಗಂಟೆ ದಾಟಿದ ಸ್ವಲ್ಪ ಹೊತ್ತಿಗೆ ಹಡಗು ಸಿಡಿಯಿತು. ನೀರು ಹಿಡಿದು ನಿಂತಿದ್ದ ಮುಂಬಯಿ ದಳದ 66 ಜನ ತೀರಿಕೊಂಡರು.

ಪ್ರಶ್ನೆ: ಬೆಂಕಿ ಆರಿದ ಮೇಲೆ ಮಲಗಲು ಸಿಗುತ್ತಿತ್ತೇ? (ಓದುಗರು, ಮಂಗಳೂರು)

ಕೂಡಲೇ ಇಲ್ಲ. ಮೊದಲು ಮುಂದಿನ ಕರೆಗೆ ಅಣಿಯಾಗಬೇಕು. ಒಣ ಹೋಸ್ ಗಾಡಿಗೆ ತುಂಬಿ, ಬಾಯ್ಲರಿನ ಬೂದಿ ತೆಗೆದು ಸಿಬಿರು, ಸೌದೆ, ಕಲ್ಲಿದ್ದಲು ಮತ್ತೆ ಜೋಡಿಸಿ, ನೆಲಮಾಳಿಗೆಯ ಕೊಳವೆ ಕೂಡಿಸಿ, ಕುದುರೆ ತಿಕ್ಕಿ, ಹಿತ್ತಾಳೆಯನ್ನೆಲ್ಲ ಉಜ್ಜಬೇಕು. ತಂದ ಒದ್ದೆ ಹೋಸ್‌ಗಳನ್ನು 50 ಅಡಿಯ ತುಂಡುಗಳಾಗಿ ಬಿಚ್ಚಿ, ತೊಳೆದು, ಗೋಪುರದಲ್ಲಿ ನೇತುಹಾಕಬೇಕು. ಸ್ಟೇಷನ್ನುಗಳಿಗೆ ಗೋಪುರ ಇರುತ್ತಿದ್ದದ್ದು ಬಹುಪಾಲು ಇದಕ್ಕೇ. ಒದ್ದೆಯಾಗಿ ಸುತ್ತಿಟ್ಟರೆ ಹೊರಗಿನ ಹತ್ತಿಯ ನೇಯ್ಗೆಗೆ ಬೂಸ್ಟು ಹಿಡಿಯುತ್ತದೆ. ಬಿಸಿಲಿಗೆ ಅತಿಯಾಗಿ ಒಣಗಿಸಿದರೆ ಒಳಗಿನ ರಬ್ಬರ್ ಬಿರಿಯುತ್ತದೆ. ಗಾಡಿಯಲ್ಲಿ ಮಡಿಚಿಟ್ಟ ಹೋಸನ್ನೂ ಆಗಾಗ ತೆಗೆದು ಮಡಿಕೆಯ ಜಾಗ ಬದಲಿಸದಿದ್ದರೆ ಸರಿಯಾಗಿ ಆ ಮಡಿಕೆಯಲ್ಲೇ ಅದು ಒಡೆಯುವುದು. ಅದಕ್ಕೂ ಮುಂಚಿನ ತೊಗಲಿನ ಹೋಸ್‌ಗೆ ಕೊಬ್ಬು, ಎಣ್ಣೆ ತಿಕ್ಕಬೇಕಿತ್ತು. ಇಷ್ಟೆಲ್ಲ ಮುಗಿದು, ಕಾವಲಿನವನು ದಿನಚರಿ ಪುಸ್ತಕದಲ್ಲಿ ಹೋದ ಹೊತ್ತು, ಬಂದ ಹೊತ್ತು, ಎಷ್ಟು ಅಡಿ ಹೋಸ್ ಹಾಕಿದ್ದು ಎಂದು ಬರೆದ ಮೇಲೆ ಮಲಗಬಹುದಿತ್ತು, ಪ್ಯಾಂಟನ್ನು ಮತ್ತೆ ಬೂಟಿನೊಳಗೆ ಇಳಿಸಿಟ್ಟು.